ಕೊಟ್ಟಿಗೆಹಾರ ‘ಕೊಟ್ಟಿಗೆ’ ಆಗಬಾರದು: ಚಾರ್ಟ್‌ನಲ್ಲಿ ಉದ್ದ ಹೆಸರು ಕೂರಿಸಲು ಪ್ರಯತ್ನಿಸಿದ ದಾರಿಗಳು

ನಮ್ಮ ಮೂಡಿಗೆರೆ ಕಡೆ ಮಳೆಗಾಲದಲ್ಲಿ ಬೆಳಗಿನ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು?’ ಎಂಬುದು. ಉತ್ತರ ಇಂಚು-ಸೆಂಟ್ ಲೆಕ್ಕದಲ್ಲಿ ಬರುತ್ತದೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಪರಿಚಯದ ಹದಿನಾಲ್ಕು ತೋಟದವರು ಅಳೆದ ಮಳೆಯನ್ನು ಒಂದೇ ವೆಬ್ ಪುಟದಲ್ಲಿ ಚಾರ್ಟ್ ಮಾಡಿ ತೋರಿಸೋಣ ಎಂದು ಹೊರಟೆ. ಎಲ್ಲರೂ ನೋಡುವುದು ಫೋನಿನಲ್ಲಿ. ಲೆಕ್ಕ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಹೆಸರುಗಳು.

ಬರೀ ಊರಿನ ಹೆಸರು ಹಾಕಿದರೆ ಸಾಲದು. ಒಂದೇ ಊರಿನಲ್ಲಿ ಗುಡ್ಡದ ನೆತ್ತಿಗೆ ಬಿದ್ದ ಮಳೆ ಬೇರೆ, ಕೆಳಗಿನ ಹಳ್ಳದ ಬದಿಗೆ ಬಿದ್ದದ್ದು ಬೇರೆ. ಹಾಗಾಗಿ ‘ಕೊಟ್ಟಿಗೆಹಾರ ಮೇಲಿನ ತೋಟ’, ‘ಕೊಟ್ಟಿಗೆಹಾರ ಕೆಳಗಿನ ತೋಟ’ ಅಂತಲೇ ಬರೆಯಬೇಕು. ಇಂಥ ಹದಿನಾಲ್ಕು ಹೆಸರು, 360 ಪಿಕ್ಸೆಲ್ ಅಗಲದ ಪರದೆ. ಚಾರ್ಟಿನ ಒಂದು ಕಂಬಕ್ಕೆ 25 ಪಿಕ್ಸೆಲ್ ಕೂಡ ಸಿಗುವುದಿಲ್ಲ.

ಮೊದಲು ಚಾರ್ಟ್.ಜೆಎಸ್ ಹಾಕಿದೆ. ವೆಬ್ ಪುಟದಲ್ಲಿ ಚಾರ್ಟ್ ಬಿಡಿಸುವ ಸಿದ್ಧ ಕೋಡ್, ಅಂದರೆ ಲೈಬ್ರರಿ, ಅದು. ಕಲಿಯಲು ಸುಲಭ, ದುಡ್ಡು ಕೊಡಬೇಕಿಲ್ಲ. ಚಿತ್ರ ಚೆನ್ನಾಗಿಯೇ ಬಂತು. ಪುಟ ತೆರೆದ ಚಿಕ್ಕಪ್ಪ ಕೇಳಿದ್ದು ಒಂದೇ: ‘ನಮ್ದು ಎಲ್ಲಿ?’ ಕಂಬ ಇತ್ತು, ಹೆಸರು ಇರಲಿಲ್ಲ. ಜಾಗ ಸಾಲದಿದ್ದರೆ ಈ ಲೈಬ್ರರಿ ನಡುನಡುವಿನ ಹೆಸರುಗಳನ್ನು ತಾನೇ ಬಿಟ್ಟುಬಿಡುತ್ತದೆ. ಆಟೊಸ್ಕಿಪ್ ಎಂಬ ಸೆಟ್ಟಿಂಗ್ ಮೊದಲಿಂದಲೇ ಆನ್ ಇರುತ್ತದೆ. ತಾರೀಕುಗಳಿಗೆ ಅದು ಸರಿ. 1, 3, 5 ಎಂದಿದ್ದರೆ ನಡುವೆ 2 ಇದೆ ಎಂದು ಯಾರಿಗೂ ಗೊತ್ತಾಗುತ್ತದೆ. ಆದರೆ ಬಣಕಲ್ ಮತ್ತು ಜನ್ನಾಪುರದ ನಡುವೆ ಯಾರ ತೋಟ ಇದೆ ಎಂದು ಓದುವವರು ಹೇಗೆ ಊಹಿಸಬೇಕು? ಊರಿನ ಹೆಸರು ಇರುವ ಕಡೆ ಇದನ್ನು ಮೊದಲು ಆಫ್ ಮಾಡಿ. ಇ-ಚಾರ್ಟ್ಸ್ ಎಂಬ ಲೈಬ್ರರಿಯಲ್ಲೂ ಇದೇ ಸ್ವಭಾವ. ಅಲ್ಲಿ ಹೆಸರಿನ ಇಂಟರ್ವಲ್ (ನಡುವೆ ಎಷ್ಟು ಹೆಸರು ಬಿಡಬೇಕು ಎಂಬ ಸೆಟ್ಟಿಂಗ್) ಅನ್ನು ಸೊನ್ನೆ ಮಾಡಬೇಕು.

ಆಫ್ ಮಾಡಿದ ಮೇಲೆ ಹದಿನಾಲ್ಕೂ ಹೆಸರು ಬಂದವು, ಓರೆಯಾಗಿ. ಚಾರ್ಟ್.ಜೆಎಸ್ ಬೇರೆ ಏನೂ ಹೇಳದಿದ್ದರೆ 50 ಡಿಗ್ರಿವರೆಗೆ ಹೆಸರನ್ನು ತಿರುಗಿಸುತ್ತದೆ. ಹೈಚಾರ್ಟ್ಸ್ ಎಂಬ ಇನ್ನೊಂದು ಲೈಬ್ರರಿ ಜಾಗ ಇದ್ದರೆ ತಾನೇ ಸಾಲು ಮುರಿಯುತ್ತದೆ, ಇಲ್ಲದಿದ್ದರೆ 45 ಡಿಗ್ರಿ ಓರೆ ಮಾಡುತ್ತದೆ. ಕೆಲಸ ಅಚ್ಚುಕಟ್ಟು, ಆದರೆ ವ್ಯಾಪಾರದ ಬಳಕೆಗೆ ಲೈಸೆನ್ಸ್ ಕೊಳ್ಳಬೇಕು.

ಓರೆ ಅಕ್ಷರ ನನಗೆ ಹಿಡಿಸಲಿಲ್ಲ. ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಸಣ್ಣ ಗಾತ್ರದಲ್ಲಿ ಅವನ್ನು ಓರೆ ಮಾಡಿದರೆ ಒಂದು ಹೆಸರಿನ ಒತ್ತು ಪಕ್ಕದ ಹೆಸರಿಗೆ ತಾಗುತ್ತದೆ. ಚಿಕ್ಕಪ್ಪ ಫೋನನ್ನೇ ಓರೆ ಹಿಡಿದು ಓದಿದರು. ಸಾಲದ್ದಕ್ಕೆ ಹೆಸರುಗಳೇ ಚಾರ್ಟಿನ ಅರ್ಧದಷ್ಟು ಎತ್ತರ ತಿಂದವು. ಉಳಿದ ಅರ್ಧದಲ್ಲಿ ಎರಡೂವರೆ ಇಂಚಿಗೂ ಮೂರು ಇಂಚಿಗೂ ವ್ಯತ್ಯಾಸ ಕಾಣಲೇ ಇಲ್ಲ.

ಮೂರನೆಯದು, ಕತ್ತರಿಸಿ ಮೂರು ಚುಕ್ಕಿ ಇಡುವುದು. ಎಲ್ಲರೂ ಮೊದಲು ಕೊಡುವ ಸಲಹೆ ಇದೇ. ಎಂಟು ಅಕ್ಷರಕ್ಕೆ ಕತ್ತರಿಸು ಎಂದು ಬರೆದೆ. ‘ಕೊಟ್ಟಿಗೆಹಾರ ಮೇಲಿನ ತೋಟ’ ಹೋಗಿ ‘ಕೊಟ್ಟಿಗೆ…’ ಆಯಿತು. ಕೆಳಗಿನ ತೋಟವೂ ‘ಕೊಟ್ಟಿಗೆ…’. ಬಾಳೆಹೊನ್ನೂರು ‘ಬಾಳೆಹೊನ್…’ ಎಂದು ನಿಂತಿತು. ನೋಡಿ ಬೇಜಾರಾಯಿತು. ಒಂದು ಊರಿನ ಹೆಸರನ್ನು ಒತ್ತಕ್ಷರದ ನಡುವೆ ಸೀಳಿ ತೋರಿಸುವುದು ಸರಿಯಲ್ಲ ಅಲ್ವಾ?

ಇದು ಯಾಕೆ ಹೀಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬೇಕಾಗುತ್ತದೆ. ಬಾಳೆಹೊನ್ನೂರು ನಮ್ಮ ಬಾಯಲ್ಲಿ ಐದು ಅಕ್ಷರ: ಬಾ, ಳೆ, ಹೊ, ನ್ನೂ, ರು. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ 12 ಎನ್ನುತ್ತದೆ. ಅದು ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ, ಬ್ರೌಸರ್‌ನಲ್ಲೇ ಇರುವ ಇಂಟ್ಲ್.ಸೆಗ್ಮೆಂಟರ್ ಬಳಸಿದರೆ ಸ್ವರಚಿಹ್ನೆ ವ್ಯಂಜನದ ಜೊತೆ ಉಳಿಯುತ್ತದೆ. ಆದರೂ ನನ್ನ ಬ್ರೌಸರ್‌ನಲ್ಲಿ ಲೆಕ್ಕ ಆರು ಬಂತು. ‘ನ್ನೂ’ ಅನ್ನು ‘ನ್’ ಮತ್ತು ‘ನೂ’ ಎಂದು ಎರಡು ಮಾಡಿತ್ತು. ಕೊನೆಗೆ ಒಂದು ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸು ಎಂದು ನಾಲ್ಕು ಸಾಲು ಬರೆದೆ. ಆಗ ಐದು ಬಂತು.

ಅಷ್ಟು ಮಾಡಿದರೂ ಕತ್ತರಿಸುವುದನ್ನು ಕೈಬಿಟ್ಟೆ. ನಮ್ಮ ಹೆಸರುಗಳಲ್ಲಿ ಒಂದು ತೋಟವನ್ನು ಇನ್ನೊಂದರಿಂದ ಬೇರೆ ಮಾಡುವ ಮಾತು ಕೊನೆಯಲ್ಲಿರುತ್ತದೆ. ಚುಕ್ಕಿ ಬೀಳುವುದೂ ಅಲ್ಲೇ. ಮುಟ್ಟಿದರೆ ಪೂರ್ತಿ ಹೆಸರು ಬರುವ ಹಾಗೆ ಮಾಡಬಹುದು ನಿಜ. ಆದರೆ ಹದಿನಾಲ್ಕು ಸಲ ಮುಟ್ಟಿ ತಮ್ಮ ತೋಟ ಹುಡುಕುವ ತಾಳ್ಮೆ ಯಾರಿಗಿದೆ? ಚಿಕ್ಕದು ಮಾಡಲೇಬೇಕು ಎಂದರೆ ಜನ ಆಡುವ ಹೆಸರನ್ನೇ ಹಾಕಿ. ನರಸಿಂಹರಾಜಪುರವನ್ನು ಎಲ್ಲರೂ ಎನ್.ಆರ್.ಪುರ ಅನ್ನುತ್ತಾರೆ. ಆ ಕೆಲಸವನ್ನು ಕೋಡ್‌ಗೆ ಬಿಡದೆ, ಹಾಳೆಯಲ್ಲಿ ‘ಕರೆಯುವ ಹೆಸರು’ ಎಂದು ಒಂದು ಕಾಲಂ ಮಾಡಿ ಕೈಯಲ್ಲೇ ತುಂಬಿದೆ.

ಸಾಲು ಮುರಿಯುವುದು ಇದಕ್ಕಿಂತ ಎಷ್ಟೋ ಮೇಲು. ಚಾರ್ಟ್.ಜೆಎಸ್‌ಗೆ ಹೆಸರನ್ನು ತುಂಡುಗಳ ಪಟ್ಟಿಯಾಗಿ ಕೊಟ್ಟರೆ ಒಂದೊಂದು ತುಂಡನ್ನೂ ಒಂದೊಂದು ಸಾಲಿಗೆ ಹಾಕುತ್ತದೆ. ಡಿ3 ಎಂಬ ಮತ್ತೊಂದು ಲೈಬ್ರರಿಯಲ್ಲಿ ಆ ಸುಖ ಇಲ್ಲ. ಅದರಲ್ಲಿ ಬಿಡಿಸುವ ಎಸ್‌ವಿಜಿ ಎಂಬ ಬಗೆಯ ಚಿತ್ರದಲ್ಲಿ ಅಕ್ಷರ ತಾನಾಗಿ ಸಾಲು ಮುರಿಯುವುದಿಲ್ಲ. ಪದ ಪದ ಅಳೆದು ನಾವೇ ಕೆಳಗಿಳಿಸಬೇಕು. ನನಗೆ ಎರಡು ಸಂಜೆ ಹಿಡಿಯಿತು. ಎರಡರಲ್ಲೂ ಸಾಲಿನ ಅಂತರ ಹೆಚ್ಚಿಸಬೇಕು. ಚಾರ್ಟ್.ಜೆಎಸ್ ಕೊಡುವ, ಅಕ್ಷರದ ಗಾತ್ರದ 1.2 ಪಟ್ಟು ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಕೂಡಿಕೊಳ್ಳುತ್ತದೆ. 1.5 ಮಾಡಿದ ಮೇಲೆ ಕಣ್ಣಿಗೆ ಹಿತವಾಯಿತು. ಇನ್ನೊಂದು ಮಾತು: ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಪುಟಕ್ಕೆ ಬಂದಿಳಿಯುವ ಮೊದಲೇ ಚಾರ್ಟ್ ಬಿಡಿಸಿದರೆ ಅಳತೆ ತಪ್ಪುತ್ತದೆ. ಫಾಂಟ್ ಬರುವವರೆಗೆ ಕಾಯಿಸಿ.

ಆದರೆ ನಿಂತ ಕಂಬದ ಕೆಳಗಿನ 25 ಪಿಕ್ಸೆಲ್‌ನಲ್ಲಿ ಎಷ್ಟು ಮುರಿದರೂ ‘ಕೊಟ್ಟಿಗೆಹಾರ’ ಕೂರುವುದಿಲ್ಲ. ಹಾಗಾಗಿ ಚಾರ್ಟನ್ನೇ ಮಲಗಿಸಿದೆ. ಚಾರ್ಟ್.ಜೆಎಸ್‌ನಲ್ಲಿ ಇಂಡೆಕ್ಸ್ ಆಕ್ಸಿಸ್ ಎಂಬ ಸೆಟ್ಟಿಂಗ್ ಅನ್ನು ‘ವೈ’ ಎಂದು ಬದಲಿಸಿದರೆ ಸಾಕು. ಹೆಸರು ಎಡಕ್ಕೆ, ಮಳೆಯ ಪಟ್ಟಿ (ಮಲಗಿದ ಕಂಬ) ಬಲಕ್ಕೆ, ಎಲ್ಲ ನೆಟ್ಟಗೆ. ಒಂದೇ ಕೊರತೆ, ಎರಡು ಸಾಲು ಮಾಡಿದರೂ ಹೆಸರುಗಳಿಗೆ ಪರದೆಯ ಮೂರನೇ ಒಂದು ಭಾಗ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ನನ್ನ ಸಲಹೆ ಇದೇ.

ಫೋನಿಗೆ ನಾನು ಉಳಿಸಿಕೊಂಡದ್ದು ಇನ್ನೂ ಸರಳ. ಲೈಬ್ರರಿ ಬೇಡ. ಬರೀ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಸಿಎಸ್‌ಎಸ್. ಮೇಲೆ ಒಂದು ಸಾಲು ಪೂರ್ತಿ ಹೆಸರು, ಅದರ ಕೆಳಗೆ ಪಟ್ಟಿ, ಪಟ್ಟಿಯ ತುದಿಯಲ್ಲಿ ಇಂಚು-ಸೆಂಟ್. ಹೆಸರಿಗೆ ಇಡೀ ಅಗಲ ಸಿಗುತ್ತದೆ, ಪಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಪುಟ ಉದ್ದವಾಗುತ್ತದೆ, ಆಗಲಿ. ಬೆರಳಲ್ಲಿ ಜಾರಿಸುವುದು ಯಾರಿಗೂ ಕಷ್ಟವಲ್ಲ. ಚಾರ್ಟ್.ಜೆಎಸ್ ಬಳಸುವ ಕ್ಯಾನ್ವಾಸ್ ಮೇಲೆ ಬಿಡಿಸಿದ ಹೆಸರು ಬರೀ ಚಿತ್ರ. ಇದು ನಿಜವಾದ ಅಕ್ಷರ. ಬ್ರೌಸರ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಅಕ್ಷರ ದೊಡ್ಡದು ಮಾಡಿಕೊಂಡರೆ ಹೆಸರೂ ದೊಡ್ಡದಾಗುತ್ತದೆ. ಚಿಕ್ಕಪ್ಪನಿಗೆ ಕನ್ನಡಕ ಹುಡುಕುವ ಕೆಲಸ ತಪ್ಪಿತು.

ಒಂದು ಚಾರ್ಟ್ ಮಾತ್ರ ಮಲಗಿಸದೆ ಹಾಗೇ ಬಿಟ್ಟಿದ್ದೇನೆ. ಅದು ಒಂದೊಂದು ಮಳೆ ನಕ್ಷತ್ರಕ್ಕೂ ಎಷ್ಟು ಬಿತ್ತು ಎಂಬುದು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಎಡದಿಂದ ಬಲಕ್ಕೆ ದಿನ ಸಾಗಿದ ಹಾಗೇ ಓದಬೇಕು. ಹೆಸರುಗಳೂ ಗಿಡ್ಡ. ಚಾರ್ಟ್.ಜೆಎಸ್‌ನ ನಿಂತ ಕಂಬದ ಕೆಳಗೆ ಓರೆ ಮಾಡದೆಯೇ ಕೂತಿವೆ.