ಮೂವರೇ ಇರುವ ಮಾರ್ಕೆಟಿಂಗ್ ಏಜೆನ್ಸಿ ಜೊತೆ ಮೂರು ವರ್ಷ: ನನ್ನ ಅನುಭವ

ನಮ್ಮದು ಹಳೆಯ ಕುರ್ಚಿ, ಮೇಜು ರಿಪೇರಿ ಮಾಡುವ ಪುಟ್ಟ ವ್ಯಾಪಾರ. ಜಾಹೀರಾತಿನ ಕೆಲಸವನ್ನು ಮೂವರೇ ಇರುವ ಒಂದು ಏಜೆನ್ಸಿಗೆ ಕೊಟ್ಟು ಮೂರು ವರ್ಷವಾಯಿತು. ಏನೇನು ಸೇವೆ ಕೊಡುತ್ತಾರೆ ಅನ್ನುವುದು ಎಲ್ಲ ಏಜೆನ್ಸಿಗಳ ವೆಬ್‌ಸೈಟಲ್ಲೂ ಇರುತ್ತದೆ, ಅದು ಬೇಡ. ನನಗೆ ಇಷ್ಟವಾಗಿದ್ದು ಸೋಮವಾರ ಬೆಳಗಿನ ಅರ್ಧ ಗಂಟೆ.

ಹತ್ತು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ. ಮಾತಾಡುವವರೇ ನಮ್ಮ ಜಾಹೀರಾತನ್ನೂ ನಡೆಸುವವರು, ನಡುವೆ ಮ್ಯಾನೇಜರ್ ಇಲ್ಲ. ಇಬ್ಬರೂ ಗೂಗಲ್ ಆಡ್ಸ್‌ನ ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆದು ಕೂರುತ್ತೇವೆ. ಜನ ಏನು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಾಣಿಸಿತು, ಎಷ್ಟು ಸಲ ಅದನ್ನು ಒತ್ತಿದರು ಅನ್ನುವುದು ಅಲ್ಲಿ ಸಾಲಾಗಿ ಇರುತ್ತದೆ. ನಾವು ಹಾಕಿದ್ದು ‘ಕುರ್ಚಿ ರಿಪೇರಿ’, ಅದೂ ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಅದಕ್ಕೆ ಹತ್ತಿರ ಅನ್ನಿಸುವ ಬೇರೆ ಹುಡುಕಾಟಕ್ಕೂ ಜಾಹೀರಾತು ಕಾಣಿಸುವ ಹಾಗೆ. ಬಂದವರು ಹುಡುಕಿದ್ದು ‘ಆಫೀಸ್ ಕುರ್ಚಿ ಚಕ್ರ’, ‘ಬಡಗಿ ಕೆಲಸ ಖಾಲಿ’. ಒಂದೊಂದು ಕ್ಲಿಕ್ಕಿಗೂ ದುಡ್ಡು ಹೋಗಿದೆ!

“ಸರ್, ಇವರಿಗೆ ರಿಪೇರಿ ಬೇಕಿಲ್ಲ, ಕೆಲಸ ಬೇಕು” ಅನ್ನುತ್ತಾ ಅವರು ಆ ಪದವನ್ನು ಅಲ್ಲೇ ನೆಗೆಟಿವ್ ಕೀವರ್ಡ್ ಮಾಡುತ್ತಾರೆ, ಅಂದರೆ ಆ ಪದ ಹುಡುಕಿದವರಿಗೆ ಜಾಹೀರಾತು ಕಾಣಿಸದ ಹಾಗೆ. ಒಮ್ಮೆ ‘ಬೆತ್ತದ ಸೀಟು’ ಕೂಡ ತೆಗೆಯಲು ಹೊರಟಿದ್ದರು. ತಡೆಯಿರಿ, ಬೆತ್ತ ನೇಯುವುದೇ ನಮ್ಮ ಒಳ್ಳೆಯ ಕೆಲಸ ಅಂದೆ. ಅದಕ್ಕೇ ಬೇರೆ ಜಾಹೀರಾತು ಬರೆದರು. ಇವತ್ತು ಜಾಸ್ತಿ ಫೋನ್ ಬರುವುದು ಅದರಿಂದಲೇ.

ಹಿಂದಿನ ದೊಡ್ಡ ಏಜೆನ್ಸಿಯಲ್ಲಿ ಈ ರಿಪೋರ್ಟ್ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತಿಂಗಳಿಗೊಂದು ಬಣ್ಣದ ಪಿಡಿಎಫ್ ಬರುತ್ತಿತ್ತು, ಅಷ್ಟೇ. ಖಾತೆ ಅವರ ಹೆಸರಲ್ಲಿತ್ತು. ಬಿಟ್ಟು ಬಂದಾಗ ಹಳೆಯ ಲೆಕ್ಕವೆಲ್ಲ ಅಲ್ಲೇ ಉಳಿಯಿತು. ಈ ಮೂವರು ಮೊದಲ ದಿನವೇ ಎಲ್ಲ ಖಾತೆಗಳನ್ನೂ ನನ್ನ ಇಮೇಲಿನಲ್ಲಿ ತೆರೆಸಿ, ತಮಗೆ ಪ್ರವೇಶ ಮಾತ್ರ ಪಡೆದರು. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಬಳಕೆದಾರರ ಬಿಡಿ ವಿವರ ಸುಮ್ನೆ ಬಿಟ್ಟರೆ 2 ತಿಂಗಳಿಗೆ ಅಳಿಸಿಹೋಗುತ್ತದೆ. ಅದನ್ನು ಅವತ್ತೇ 14 ತಿಂಗಳಿಗೆ ಬದಲಿಸಿದರು. ಇಂಥದ್ದನ್ನು ನಾನು ಕೇಳುವುದಾದರೂ ಹೇಗೆ, ಅಲ್ವಾ?

ಇನ್ನು ಬೇಸರದ ಮಾತು. ಕಳೆದ ವರ್ಷ ನಮ್ಮ ಜಾಹೀರಾತು ನಡೆಸುವವರು ಮೂರು ವಾರ ರಜೆ ಹೋದರು. ಉಳಿದಿಬ್ಬರಲ್ಲಿ ಒಬ್ಬರು ಬರೆಯುವವರು, ಇನ್ನೊಬ್ಬರು ಡಿಸೈನ್ ಮಾಡುವವರು. ಅದೇ ಹೊತ್ತಿಗೆ ನನ್ನ ಕಾರ್ಡಿನ ಅವಧಿ ಮುಗಿದು ಜಾಹೀರಾತು ನಿಂತಿತು. ಒಂಬತ್ತು ದಿನ ಯಾರೂ ನೋಡಲಿಲ್ಲ. ಫೋನ್ ಬರುತ್ತಿಲ್ಲವಲ್ಲ ಅಂತ ನಾನೇ ಹುಡುಕಿದಾಗ ತಿಳಿಯಿತು. ಕಾರ್ಡು ನನ್ನದೇ, ಒಪ್ಪುತ್ತೇನೆ. ಆದರೆ ನೋಡಿಕೊಳ್ಳಲಿ ಅಂತಲೇ ಅಲ್ವಾ ನಾನು ದುಡ್ಡು ಕೊಡುವುದು? ತುಂಬಾ ಸಿಟ್ಟು ಬಂತು. ಬಿಟ್ಟುಬಿಡೋಣ ಅಂತಲೇ ಇದ್ದೆ.

ಬಿಡದೇ ಇದ್ದದ್ದಕ್ಕೆ ಕಾರಣ ಇದೆ. ಆ ತಿಂಗಳ ಶುಲ್ಕವನ್ನು ನಾನು ಕೇಳುವ ಮೊದಲೇ ಅರ್ಧ ಮಾಡಿದರು. ಈಗ ಸೋಮವಾರದ ಫೋನಿನಲ್ಲಿ ಬರೆಯುವವರೂ ಇರುತ್ತಾರೆ, ಖಾತೆ ನೋಡುವುದನ್ನು ಕಲಿತಿದ್ದಾರೆ. ಇನ್ನೊಂದು, ಇವರದು ತಿಂಗಳಿಗೆ ಇಷ್ಟೇ ಅನ್ನುವ ಶುಲ್ಕ. ಜಾಹೀರಾತು ಖರ್ಚಿನ ಮೇಲೆ ಶೇಕಡಾ ಲೆಕ್ಕವಲ್ಲ. ಹಾಗಾಗಿ ‘ಈ ತಿಂಗಳು ಖರ್ಚು ಇಳಿಸೋಣ’ ಅಂದಾಗ ನಂಬಿಕೆ ಬರುತ್ತದೆ.

ವಾರಕ್ಕೆ ನಾಲ್ಕು ವಿಡಿಯೋ ಬೇಕು ಅನ್ನುವವರಿಗೆ ಇಷ್ಟು ಸಣ್ಣ ತಂಡ ಸಾಲದು. ನನ್ನಂಥ ಬಜೆಟ್ಟಿನವರಿಗೆ ಧಾರಾಳ ಸಾಕು. ಈ ಸೋಮವಾರ ‘ತೂಗುಕುರ್ಚಿ’ ಅಂತ ಹುಡುಕಿದವರು ಜಾಸ್ತಿ ಇದ್ದರು. ಕೊಳ್ಳುವವರೋ, ರಿಪೇರಿಗೆ ತರುವವರೋ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಇನ್ನೊಂದು ವಾರ ನೋಡೋಣ ಅಂತ ಪಟ್ಟಿಯಲ್ಲೇ ಬಿಟ್ಟಿದ್ದೇವೆ.