ನೊಟೇಶನ್ ಹಂಚೋಕೆ ಯಾವ ಜಾಗ ಒಳ್ಳೆಯದು? ರಾಯಚೂರಿನಿಂದ ಒಂದು ಹೋಲಿಕೆ

ನಾನು ರಾಯಚೂರಿನಲ್ಲಿ ಹಾರ್ಮೋನಿಯಂ ಮತ್ತು ಗಾಯನ ಕಲಿಸುತ್ತೇನೆ. ಮಾನ್ವಿ, ಸಿಂಧನೂರು ಕಡೆಯಿಂದಲೂ ಮಕ್ಕಳು ಬರುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ಪಾಲಕರದ್ದು ಒಂದೇ ಮಾತು: "ಸರ್, ನೊಟೇಶನ್ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕ್ರಿ." ನೊಟೇಶನ್ ಅಂದ್ರೆ ಹಾಡಿನ ಸ್ವರ ಬರೆದಿಟ್ಟ ಹಾಳೆ, ಸ್ವರಲಿಪಿ.

ಹಾಕೋದು ಸುಲಭ. ಯಾವುದನ್ನು ಹಾಕಬಹುದು, ಎಲ್ಲಿ ಹಾಕಬೇಕು ಅನ್ನೋದೇ ತಲೆನೋವು. ವಾಟ್ಸಾಪ್ ಗ್ರೂಪ್, ಪುಸ್ತಕ, ಸ್ಕ್ಯಾನ್ ಎಲ್ಲ ಕೂಡಿಡುವ ಇಂಟರ್ನೆಟ್ ಆರ್ಕೈವ್, ಪಾಶ್ಚಾತ್ಯ ಸಂಗೀತದ ನೊಟೇಶನ್ ತಾಣ ಐಎಂಎಸ್ಎಲ್‌ಪಿ, ನೊಟೇಶನ್ ಬರೆದು ಹಂಚುವ ಮ್ಯೂಸ್‌ಸ್ಕೋರ್ ಈ ನಾಲ್ಕನ್ನೂ ಬಳಸಿ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಕುವ ಮುಂಚೆ ಜಾಸ್ತಿ ಪ್ರಶ್ನೆ ಕೇಳುವ ಜಾಗವೇ ಒಳ್ಳೆಯದು. ಆದರೆ ನಮ್ಮ ಹಾಡುಗಳ ಮಟ್ಟಿಗೆ ಅಸಲಿ ಪ್ರಶ್ನೆಗೆ ಉತ್ತರವನ್ನು ನಾವೇ ಹುಡುಕಿಕೊಂಡು ಹೋಗಬೇಕು. ಆ ಪ್ರಶ್ನೆ ಯಾವುದಂದ್ರೆ, ಸಾಹಿತ್ಯ ಯಾರದ್ದು, ಧಾಟಿ ಯಾರದ್ದು?

ಇವೆರಡೂ ಬೇರೆ ಬೇರೆ ಆಸ್ತಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಸಂಗೀತ ಅಂದಾಗ ಅದರ ಸ್ವರಲಿಪಿಯನ್ನೂ ಸೇರಿಸಿಕೊಳ್ಳುತ್ತದೆ, ಹಾಡಿನ ಮಾತುಗಳನ್ನು ಮಾತ್ರ ಹೊರಗಿಡುತ್ತದೆ. ಮಾತು ಸಾಹಿತ್ಯದ ಲೆಕ್ಕಕ್ಕೆ ಹೋಗುತ್ತದೆ. ಎರಡಕ್ಕೂ ಅವಧಿ ಒಂದೇ ರೀತಿ: ರಚಿಸಿದವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು ಮುಗಿಯುವ ಹೊತ್ತಿಗೆ ಸರ್ಕಾರ ಅದನ್ನು 60ಕ್ಕೆ ಏರಿಸಿತು.

ಈಗ ನಮ್ಮ ಜಿಲ್ಲೆಯ ಲೆಕ್ಕಕ್ಕೇ ಬನ್ನಿ. ಚೀಕಲಪರ್ವಿಯ ವಿಜಯದಾಸರು ಹೋಗಿದ್ದು 1755ರಲ್ಲಿ, ಬ್ಯಾಗವಾಟದ ಜಗನ್ನಾಥದಾಸರು 1809ರಲ್ಲಿ. ಅವರ ಪದಗಳ ಸಾಹಿತ್ಯ ಎಲ್ಲರದ್ದು, ಯಾರ ಅಪ್ಪಣೆಯೂ ಬೇಡ. ಆದರೆ ದಾಸರ ಎಷ್ಟೋ ಪದಗಳ ಮೂಲ ಧಾಟಿ ನಮ್ಮ ತನಕ ಬಂದಿಲ್ಲ. ಇವತ್ತು ನಾವು ಹಾಡೋದು 20ನೇ ಶತಮಾನದ ಗಾಯಕರು, ಸಂಯೋಜಕರು ಕೂಡಿಸಿದ ಧಾಟಿ. ಕ್ಯಾಸೆಟ್ ಕೇಳಿ ನಾನೇ ಸ್ವರ ಬರೆದುಕೊಂಡೆ ಅಂದ ಮಾತ್ರಕ್ಕೆ ಧಾಟಿ ನನ್ನದಾಗುವುದಿಲ್ಲ, ಅಲ್ವಾ?

ನಾಡಗೀತೆಯಂತೂ ಎರಡೂ ಕಡೆ ಬೀಗ. ಕುವೆಂಪು ಹೋಗಿದ್ದು 1994ರಲ್ಲಿ, ಹಾಗಾಗಿ ಸಾಹಿತ್ಯದ ಹಕ್ಕು 2054ರ ಕೊನೆಯವರೆಗೆ. ಮೈಸೂರು ಅನಂತಸ್ವಾಮಿ ಅವರ ಧಾಟಿಗೆ 2055, ಸಿ. ಅಶ್ವಥ್ ಅವರ ಧಾಟಿಗೆ 2069. ಸರ್ಕಾರ 2022ರಲ್ಲಿ ಅನಂತಸ್ವಾಮಿ ಧಾಟಿಯನ್ನು ಅಧಿಕೃತ ಮಾಡಿತು. ಅದು ಹೇಗೆ ಹಾಡಬೇಕು ಅನ್ನುವ ಆದೇಶ. ನೊಟೇಶನ್ ಜಗತ್ತಿಗೆಲ್ಲ ಹಂಚಿ ಅಂತ ಅದರ ಅರ್ಥ ಅಲ್ಲ. 'ಉದಯವಾಗಲಿ' ಕೂಡ ಹಾಗೇ. 1924ರ ಬೆಳಗಾವಿ ಕಾಂಗ್ರೆಸ್‌ನಲ್ಲಿ ಹಾಡಿದ್ದು, ನೂರು ವರ್ಷ ಆಯ್ತು, ಇನ್ನೇನು ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಿಡಿಯಬೇಕಾದ್ದು ಹಾಡಿನ ವಯಸ್ಸನ್ನಲ್ಲ. ಅದನ್ನು ಬರೆದ ಹುಯಿಲಗೋಳ ನಾರಾಯಣರಾಯರು ತೀರಿಕೊಂಡಿದ್ದು 1971ರಲ್ಲಿ. ಹಾಗಾಗಿ 2031ರ ಕೊನೆಯವರೆಗೆ ಕಾಯಬೇಕು.

ವಾಟ್ಸಾಪ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಬೇಗ ಆಗುತ್ತದೆ, ಎಲ್ಲರ ಕೈಯಲ್ಲೂ ಇದೆ. ಪಾಠದ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳೋಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ದೆಹಲಿ ಯೂನಿವರ್ಸಿಟಿಯ ಝೆರಾಕ್ಸ್ ಅಂಗಡಿ ಕೇಸಿನಲ್ಲಿ 2016ರಲ್ಲಿ ಹೈಕೋರ್ಟ್ ಈ ವಿನಾಯಿತಿಯನ್ನು ಸಾಕಷ್ಟು ಅಗಲವಾಗಿಯೇ ಓದಿತು. ಆದರೆ ಗ್ರೂಪಿಗೆ ಹಾಕಿದ್ದು ಗ್ರೂಪಿನಲ್ಲೇ ಉಳಿಯುತ್ತಾ? ಫಾರ್ವರ್ಡ್ ಆಗಿ ಎಲ್ಲಿಗೋ ಹೋದ ಮೇಲೆ ಅದನ್ನು ಪಾಠ ಅನ್ನೋಕೆ ಬರಲ್ಲ. ಅದಕ್ಕೇ ಭಾವಗೀತೆಗಳ ನೊಟೇಶನ್ ನಾನು ಫೈಲ್ ಆಗಿ ಕೊಡುವುದಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಬರೆದರೆ ತಲೆಗೂ ಹೋಗುತ್ತದೆ.

ಇಂಟರ್ನೆಟ್ ಆರ್ಕೈವ್ ನಾಲ್ಕರಲ್ಲಿ ಅತಿ ಸಡಿಲ. ಖಾತೆ ತೆರೆದು ಫೈಲ್ ಏರಿಸಿದರೆ ಆಯ್ತು. ಲೈಸೆನ್ಸ್ ಕೇಳುವ ಜಾಗ ಇದೆ, ತುಂಬದಿದ್ದರೂ ನಡೆಯುತ್ತದೆ. ಮೊದಲೇ ಕೂತು ಪರೀಕ್ಷೆ ಮಾಡುವವರಿಲ್ಲ, ಹಕ್ಕುದಾರರು ದೂರು ಕೊಟ್ಟರೆ ತೆಗೆಯುತ್ತಾರೆ. ಏರಿಸುವವರಿಗೆ ಇದು ಸಲೀಸು. ಇಳಿಸಿಕೊಳ್ಳುವವರು ಮಾತ್ರ ಹುಷಾರಾಗಿರಬೇಕು. 'ಪಬ್ಲಿಕ್ ಡೊಮೇನ್' ಅಂತ ಬರೆದಿದ್ದರೆ ಅದು ಏರಿಸಿದವರ ಮಾತು ಅಷ್ಟೇ. ಹಿಂದೂಸ್ತಾನಿ ಸಂಗೀತಕ್ಕೆ ಸ್ವರಲಿಪಿ ಪದ್ಧತಿ ಕೊಟ್ಟ ಭಾತಖಂಡೆಯವರು 1936ರಲ್ಲಿ ತೀರಿಕೊಂಡರು, 50 ಅಂದರೂ 60 ಅಂದರೂ ಅವರ ಬರಹ ಮುಕ್ತ. ಆದರೆ ಅವರ ಮರಾಠಿ ಪುಸ್ತಕಕ್ಕೆ ಆಮೇಲೆ ಯಾರೋ ಮಾಡಿದ ಅನುವಾದ, ಸೇರಿಸಿದ ವಿವರಣೆ ಆ ಯಾರೋ ಒಬ್ಬರದ್ದು. ಹೀಗಾಗಿ ಸ್ಕ್ಯಾನ್ ತೆರೆದ ಕೂಡಲೇ ನಾನು ನೋಡೋದು ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಅಲ್ಲ, ಮುಖಪುಟದ ಹಿಂದಿನ ಪುಟ. ಮುದ್ರಣದ ವರ್ಷ, ಸಂಪಾದಕರ ಹೆಸರು ಎರಡೂ ಅಲ್ಲೇ ಇರುತ್ತವೆ.

ಆದರೂ ನಾನೇ ಬರೆದ ಹಾಳೆಗಳಿಗೆ ಆರ್ಕೈವೇ ನನ್ನ ಆಯ್ಕೆ. ಕಾರಣ ಲಿಪಿ. ಭಾತಖಂಡೆ ಪದ್ಧತಿಯಲ್ಲಿ ಕೋಮಲ (ತಗ್ಗಿಸಿದ) ಸ್ವರಕ್ಕೆ ಅಡಿಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೊಂದು ನೆಟ್ಟಗಿನ ಗೆರೆ, ಮೇಲಿನ ಕೆಳಗಿನ ಸಪ್ತಕ ತೋರಿಸೋಕೆ ಸ್ವರದ ಮೇಲೆ ಕೆಳಗೆ ಚುಕ್ಕೆ. ಇದನ್ನೆಲ್ಲ ಕನ್ನಡ ಕೀಬೋರ್ಡಿನಲ್ಲಿ ಕೂಡಿಸೋದು ದೊಡ್ಡ ರಗಳೆ. ಕೈಯಲ್ಲಿ ನೀಟಾಗಿ ಬರೆದು ಸ್ಕ್ಯಾನ್ ಮಾಡಿ ಏರಿಸಿದರೆ ಮುಗೀತು. ಅಲಂಕಾರ (ಸ್ವರಾಭ್ಯಾಸದ ಪಾಠ), ಸರಗಮ್, ಹಳೆಯ ಬಂದಿಶ್ ಇಷ್ಟೇ ಅಲ್ಲಿ ಹಾಕುತ್ತೇನೆ.

ಐಎಂಎಸ್ಎಲ್‌ಪಿ ಬೇರೆಯದೇ ಜಾತಿ. ಪಾಶ್ಚಾತ್ಯ ಸಂಗೀತದ ಐದು ಗೆರೆಯ ಸ್ಟಾಫ್ ನೊಟೇಶನ್‌ಗೆ ಅದಕ್ಕಿಂತ ದೊಡ್ಡ ಉಗ್ರಾಣ ನಾನು ಕಂಡಿಲ್ಲ. ಕೀಬೋರ್ಡ್, ವಯಲಿನ್ ಕಲಿಯುವ ಮಕ್ಕಳಿಗೆ ಬಾಖ್, ಬೀಥೋವನ್ ಎಲ್ಲ ಅಲ್ಲಿಂದಲೇ. ಚಂದಾ ಕಟ್ಟದವರು ಇಳಿಸಿಕೊಳ್ಳುವಾಗ ಕೆಲವು ಸೆಕೆಂಡ್ ಕಾಯಬೇಕು, ಕಾದರೇನಂತೆ. ಅವರ ಕಟ್ಟುನಿಟ್ಟಿಗೆ ಒಂದು ಇತಿಹಾಸ ಇದೆ. 2006ರಲ್ಲಿ ಶುರುವಾದ ತಾಣ 2007ರ ಅಕ್ಟೋಬರ್‌ನಲ್ಲಿ ವಿಯೆನ್ನಾದ ಪ್ರಕಾಶಕರು ಯೂನಿವರ್ಸಲ್ ಎಡಿಷನ್ ಕಳಿಸಿದ ನೋಟಿಸಿನಿಂದ ಮುಚ್ಚಿತು. ಜಗಳ ಇದ್ದಿದ್ದು ಕೆನಡಾದಲ್ಲಿ ಮುಕ್ತವಾಗಿ, ಯುರೋಪಿನಲ್ಲಿ ಹಕ್ಕು ಉಳಿದಿದ್ದ ಕೃತಿಗಳ ಬಗ್ಗೆ. 2008ರಲ್ಲಿ ಮತ್ತೆ ತೆರೆಯಿತು. ಯಾವ ದೇಶದಲ್ಲಿ ಮುಕ್ತ, ಯಾವುದರಲ್ಲಿ ಅಲ್ಲ ಅಂತ ಅವರು ಫೈಲಿಗೆ ಗುರುತು ಹಾಕುವುದು ನನಗೆ ಬಹಳ ಹಿಡಿಸಿತು.

ಆದರೆ ಅವರ ಕಣ್ಣು ಕೆನಡಾ, ಅಮೆರಿಕ, ಯುರೋಪಿನ ಮೇಲೆ. ಭಾರತದ ಲೆಕ್ಕ ನಮ್ಮ ಪಾಲಿಗೆ. ಪಾಶ್ಚಾತ್ಯ ಸಂಯೋಜಕ ಸ್ಟ್ರಾವಿನ್ಸ್ಕಿಯನ್ನೇ ತಗೊಳ್ಳಿ. ಅವನು ಹೋಗಿದ್ದೂ 1971ರಲ್ಲೇ. ಆಗಿನ 50 ವರ್ಷದ ಲೆಕ್ಕದಲ್ಲಿ ಕೆನಡಾದಲ್ಲಿ 2022ರಲ್ಲೇ ಮುಕ್ತನಾದ. ರಾಯಚೂರಿನಲ್ಲಿ ಕೂತು ಇಳಿಸುವ ನನಗೆ ಹುಯಿಲಗೋಳರಿಗೆ ಇರುವ ಗಡುವೇ ಅವನಿಗೂ. ಇನ್ನೊಬ್ಬ ಸಂಯೋಜಕ ಸಿಬೆಲಿಯಸ್ ವಿಷಯ ಉಲ್ಟಾ. 1957ರಲ್ಲಿ ತೀರಿಕೊಂಡ ಅವನು ನಮಗೆ 2018ರಿಂದ ಮುಕ್ತ, 70 ವರ್ಷ ಎಣಿಸುವ ಯುರೋಪಿಗೆ 2028ರಿಂದ.

ಮ್ಯೂಸ್‌ಸ್ಕೋರ್ ಅಂದಾಗ ಎರಡು ವಸ್ತು ನೆನಪಿಡಿ. ಸಾಫ್ಟ್‌ವೇರ್ ಪೂರ್ತಿ ಉಚಿತ, ಜಾಲತಾಣದಿಂದ ಬೇರೆಯವರದ್ದನ್ನು ಇಳಿಸಿಕೊಳ್ಳೋಕೆ ಸಾಮಾನ್ಯವಾಗಿ ಚಂದಾ ಬೇಕು. ಬರೆದಿದ್ದನ್ನು ನುಡಿಸಿ ಕೇಳಿಸುತ್ತದೆ, ಮಕ್ಕಳಿಗೆ ಇದು ಖುಷಿ. ಐದು ಗೆರೆಯ ಕೆಳಗೆ ಸಾಹಿತ್ಯದ ಜಾಗದಲ್ಲಿ ಸರಿಗಮ ಟೈಪ್ ಮಾಡಬಹುದು. ಆದರೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಅಲ್ಲಿ ಸಪ್ಪೆ, ಅದು ಬಾರದ ಹಾರ್ಮೋನಿಯಂನವನಾದ ನಾನೇ ಇದನ್ನು ಹೇಳಿದರೆ ಗಾಯಕರು ನಗಬಹುದು! ಅಲ್ಲಿನ ಸಿನಿಮಾ ಹಾಡುಗಳ ಸ್ಕೋರ್ ನೋಡಿ ಇದೆಲ್ಲ ಮುಕ್ತ ಅಂದುಕೊಳ್ಳಬೇಡಿ.

ಬಂದಿಶ್ ಬಗ್ಗೆ ಒಂದು ಮಾತು. ರಾಗ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಒಬ್ಬರು ಕೂತು ಕಟ್ಟಿದ ರಚನೆ ಅವರದ್ದಾಗಬಹುದು. ಧ್ರುಪದ್ ಗಾಯಕರಾದ ದಾಗರ್ ಮನೆತನದವರು ತಮ್ಮ 'ಶಿವ ಸ್ತುತಿ' ರಚನೆಯನ್ನು ಸಿನಿಮಾ ಹಾಡಿಗೆ ಬಳಸಿದ್ದಾರೆ ಅಂತ ಹೂಡಿದ ಕೇಸಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲ್‌ನಲ್ಲಿ ಮನೆತನದ ಪರ ಮಧ್ಯಂತರ ಆದೇಶ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಇಂಥ ಹೊತ್ತಿನಲ್ಲಿ ಈಚಿನ ಉಸ್ತಾದರ, ಪಂಡಿತರ ಬಂದಿಶ್‌ಗಳನ್ನು ಸುಮ್ನೆ ಜಾಲಕ್ಕೆ ಏರಿಸೋದು ನನಗೆ ಸರಿ ಕಾಣಲ್ಲ. ಶಿಷ್ಯರನ್ನೋ ಮನೆಯವರನ್ನೋ ಕೇಳಬಹುದಲ್ಲ.

ಇನ್ನು ನನ್ನ ಸ್ವಂತ ಹಾಳೆಗಳ ಲೈಸೆನ್ಸ್. ಹಕ್ಕುದಾರರೇ ಮೊದಲೇ ಅನುಮತಿ ಕೊಟ್ಟಿಡುವ ಕ್ರಿಯೇಟಿವ್ ಕಾಮನ್ಸ್‌ ಲೈಸೆನ್ಸ್‌ಗಳಲ್ಲಿ 'ಹೆಸರು ಹೇಳಿ, ಹೀಗೇ ಹಂಚಿ' ಅನ್ನುವ ಬಿವೈ-ಎಸ್ಎ ಹಾಕುತ್ತೇನೆ. "ವ್ಯಾಪಾರಕ್ಕೆ ಬಳಸಬಾರದು ಅಂತ ಎನ್‌ಸಿ ಹಾಕ್ರಿ, ಯಾರಾದರೂ ಪುಸ್ತಕ ಮಾಡಿ ಮಾರಿಕೊಂಡಾರು" ಅಂತ ಗೆಳೆಯರು ಹೇಳುತ್ತಾರೆ. ಮಾರಲಿ ಬಿಡಿ. ತಿಂಗಳಿಗೆ ಒಂದಿಷ್ಟು ಫೀಸು ತಗೊಂಡು ಕಲಿಸುವ ಮಸ್ಕಿಯ ಮೇಷ್ಟ್ರು ನನ್ನ ಅಲಂಕಾರದ ಹಾಳೆ ಬಳಸೋಕೆ ಮುಂಚೆ, ಇದು ವ್ಯಾಪಾರ ಆಗುತ್ತಾ ಅಂತ ಯೋಚಿಸುತ್ತಾ ಕೂರೋದು ನನಗೆ ಬೇಡ.