ಖಣದ ಓಲೆ: 649 ರೂಪಾಯಿಯ ಕಿಟ್ಟಾ, ಮಾಮೂಲ್‌ಪೇಟೆಯ ಬಿಡಿ ಸಾಮಾನಾ?

ಅವ್ವನ ಟ್ರಂಕಿನಲ್ಲಿ ಉಡಿ (ಮಡಿಲು) ತುಂಬಿದ ಖಣ, ಅಂದರೆ ಕುಪ್ಪಸದ ಬಟ್ಟೆ, ಹದಿನೇಳು ಇದ್ದವು. ನಮ್ಮ ಬಾಗಲಕೋಟೆ ಕಡೆ ಮದುವೆ, ಕುಬಸ (ಸೀಮಂತ), ಗೃಹಪ್ರವೇಶ, ಯಾವುದಕ್ಕೆ ಹೋದರೂ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಅದರ ಜೊತೆ ಒಂದು ಖಣ. ಹಾಗೆ ಬಂದ ಖಣಗಳಲ್ಲಿ ಕೆಲವು ಕುಪ್ಪಸ ಆಗುತ್ತವೆ, ಕೆಲವು ಇನ್ನೊಬ್ಬರ ಉಡಿಗೆ ಹೋಗುತ್ತವೆ. ಉಳಿದವು ಟ್ರಂಕಿನಲ್ಲೇ ಕೂರುತ್ತವೆ. ಕುಪ್ಪಸ ಹೊಲಿಸಿ ಮಿಕ್ಕ ಚೂರುಗಳನ್ನೂ ಅವ್ವ ಒಂದು ಹಳೇ ದಿಂಬಿನ ಕವರಿನಲ್ಲಿ ತುಂಬಿಟ್ಟಿದ್ದಳು. ಆ ಚೂರುಗಳನ್ನು ನೋಡಿದಾಗಲೇ ಓಲೆ ಮಾಡುವ ಆಸೆ ಹುಟ್ಟಿತು.

ಬೆಂಗಳೂರಿಗೆ ವಾಪಸ್ ಬಂದವಳು ಮೊದಲು ಮಾಡಿದ ಕೆಲಸ, ಆನ್‌ಲೈನ್‌ನಲ್ಲಿ ಒಂದು ಬಟ್ಟೆ ಆಭರಣದ ಕಿಟ್ ತರಿಸಿದ್ದು. 649 ರೂಪಾಯಿ. ಐದು ಜೊತೆ ಓಲೆಗೆ ಬೇಕಾದದ್ದೆಲ್ಲ ಇದೆ ಎಂದು ಬರೆದಿದ್ದರು. ಕಂಪನಿಯ ಹೆಸರು ಬೇಡ. ಇಂಥ ಕಿಟ್‌ಗಳು ಬಹಳ ಇವೆ, ಯಾವುದನ್ನು ತರಿಸುವುದಿದ್ದರೂ ಏನೇನು ನೋಡಬೇಕು ಅನ್ನುವುದು ಮುಖ್ಯ.

ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಲ್ಲೆಗಳು ಅಚ್ಚುಕಟ್ಟಾಗಿದ್ದವು. ಅಂಚು ನುಣುಪು, ತೂತು ಸರಿಯಾದ ಜಾಗದಲ್ಲಿತ್ತು. ಹಂತ ಹಂತವಾಗಿ ಚಿತ್ರ ಹಾಕಿದ ಹಾಳೆ ಇತ್ತು, ಅದರಿಂದಲೇ ನಾನು ಕಲಿತದ್ದು. ಮೊದಲ ಜೊತೆ ಮುಗಿಸಲು ಮುಕ್ಕಾಲು ಗಂಟೆ ಆಯಿತು, ಎರಡನೆಯದಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು.

ಬೇಸರ ಆದದ್ದು ಬಟ್ಟೆಯಿಂದ. ಫೋಟೋದಲ್ಲಿ ನೂಲಿಗೇ ಬಣ್ಣ ಹಾಕಿ ನೇಯ್ದ ಇಕ್ಕತ್ ಥರ ಕಾಣುತ್ತಿತ್ತು. ಕೈಗೆ ಬಂದದ್ದು ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದದ್ದು. ಹಿಂದೆ ತಿರುಗಿಸಿದರೆ ಬೆಳ್ಳಗಿತ್ತು. ನೇಯ್ಗೆಯಲ್ಲಿ ಮೂಡಿದ ವಿನ್ಯಾಸವಾದರೆ ಹಿಂಬದಿಯಲ್ಲೂ ಅದರ ನೂಲು ಕಾಣುತ್ತದೆ. ಬಟ್ಟೆ ಗೊತ್ತಿರುವವರ ಕೈಗೆ ಈ ವ್ಯತ್ಯಾಸ ಮುಟ್ಟಿದ ಕೂಡಲೇ ತಿಳಿಯುತ್ತದೆ. ಅಂಟಿನ ಟ್ಯೂಬ್ ಅರ್ಧ ಒಣಗಿತ್ತು. ಅದನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಹುಕ್. ಎರಡು ವಾರಕ್ಕೆ ಕಪ್ಪಾದವು. ನನ್ನ ತಂಗಿ ಒಂದು ದಿನ ಹಾಕಿಕೊಂಡು ಆಫೀಸಿಗೆ ಹೋದವಳು ಸಂಜೆ ಬರುವಾಗ ಕಿವಿ ಕೆಂಪು, ತುರಿಕೆ. ಅಗ್ಗದ ಹುಕ್‌ಗಳಲ್ಲಿ ನಿಕ್ಕಲ್ ಇರುವುದು ಜಾಸ್ತಿ, ನಿಕ್ಕಲ್ ಬಹಳ ಜನರ ಚರ್ಮಕ್ಕೆ ಒಗ್ಗುವುದಿಲ್ಲ. ಓಲೆ ಎಷ್ಟೇ ಚಂದ ಇರಲಿ, ಕಿವಿಗೆ ಹಾಕಲು ಆಗದಿದ್ದರೆ ಏನು ಪ್ರಯೋಜನ? ಆ ಕಿಟ್‌ಗೆ ಐದಕ್ಕೆ ಎರಡು ಅಂಕ ಕೊಡುತ್ತೇನೆ. ಆ ಎರಡೂ ಬಿಲ್ಲೆಗೆ ಮತ್ತು ಚಿತ್ರದ ಹಾಳೆಗೆ.

ಆಮೇಲೆ ಒಂದು ಶನಿವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಮಾಮೂಲ್‌ಪೇಟೆ, ಅಲ್ಲಿಂದ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಹೋದೆ. ಲೇಸು, ಮಣಿ, ಗೆಜ್ಜೆ, ಜುಮಕಿಯ ಬಿಡಿಭಾಗ, ಕೊಂಡಿ, ಎಲ್ಲ ತೂಕದಲ್ಲೋ ಪ್ಯಾಕೆಟ್ಟಿನಲ್ಲೋ ಸಿಗುತ್ತವೆ. ಓಣಿ ಇಕ್ಕಟ್ಟು, ಕೈಗಾಡಿಗಳ ಮಧ್ಯೆ ನಡೆಯಬೇಕು. ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಹೆಚ್ಚಿನ ಅಂಗಡಿಯವರು ಸಗಟು ವ್ಯಾಪಾರದವರು, ಒಂದು ಜೊತೆ ಹುಕ್ ಕೇಳಿದರೆ ಮುಖ ನೋಡುವುದಿಲ್ಲ. ಆದರೆ ಒಂದು ಅಂಗಡಿಯಲ್ಲಿ ‘ಅಣ್ಣಾ, ಮನೆಯಲ್ಲಿ ಮಾಡ್ಕೊಳ್ಳೋಕೆ, ಹತ್ತು ಜೊತೆ ಸಾಕು’ ಅಂದೆ. ಅವರೇ ಸ್ಟೀಲ್ ಹುಕ್‌ನ ಡಬ್ಬಿ ಇಳಿಸಿದರು. ‘ಇದು ಕಪ್ಪಾಗಲ್ಲ ಮೇಡಂ, ಅದು ಬೇಡ’ ಎಂದು ನಾನು ಹಿಡಿದಿದ್ದ ಹೊಳೆಯುವ ಪ್ಯಾಕೆಟ್ ವಾಪಸ್ ಇಟ್ಟುಬಿಟ್ಟರು. ಮೂರು ತಿಂಗಳಾಯಿತು, ಅವರ ಮಾತು ನಿಜವಾಗಿದೆ. ತಂಗಿಯ ಕಿವಿಗೂ ಏನೂ ಆಗಿಲ್ಲ.

ಆ ದಿನದ ಖರ್ಚು ಹೀಗಿತ್ತು. ಇಪ್ಪತ್ತು ಎಂಡಿಎಫ್ ಬಿಲ್ಲೆಗೆ 60 ರೂಪಾಯಿ. ಹತ್ತು ಜೊತೆ ಸ್ಟೀಲ್ ಹುಕ್ 80. ಕೊಂಡಿ ಉಂಗುರದ ಪ್ಯಾಕೆಟ್ 30. ಬಿ-7000 ಅಂಟಿನ ಸಣ್ಣ ಟ್ಯೂಬ್ 70. ಫೋಮ್ ಶೀಟ್ 15, ಮಣಿ ಮತ್ತು ಗೆಜ್ಜೆ 50, ಚೂಪು ಮೂತಿಯ ಇಕ್ಕಳ 90. ಒಟ್ಟು 395. ಬಟ್ಟೆಗೆ ಒಂದು ಪೈಸೆ ಇಲ್ಲ. ಅಂದರೆ ಒಂದು ಜೊತೆಗೆ ನಲವತ್ತು ರೂಪಾಯಿಯೂ ಆಗಲಿಲ್ಲ, ಕಿಟ್‌ನಲ್ಲಿ ಸುಮಾರು 130 ಆಗಿತ್ತು. ಇಕ್ಕಳ ಒಮ್ಮೆ ತಂದರೆ ವರ್ಷಗಟ್ಟಲೆ ಬರುತ್ತದೆ, ಹಾಗಾಗಿ ಮುಂದಿನ ಸಲ ಇನ್ನೂ ಕಮ್ಮಿ.

ನಿಮ್ಮ ಮನೆಯಲ್ಲಿ ಖಣ ಇಲ್ಲ ಅಂತ ಚಿಂತೆ ಬೇಡ. ನಿಮ್ಮ ಟೈಲರ್ ಹತ್ತಿರ ಕೇಳಿ. ರೇಷ್ಮೆ ಬ್ಲೌಸ್ ಕತ್ತರಿಸಿದ ಮೇಲೆ ಬೀಳುವ ಅಂಗೈಯಗಲದ ಚೂರು ಒಂದು ಜೊತೆ ಓಲೆಗೆ ಸಾಕು. ನಮ್ಮ ಬೀದಿಯ ಟೈಲರ್ ಅಕ್ಕ ಒಂದು ಚೀಲ ತುಂಬ ಸುಮ್ನೆ ಕೊಟ್ಟರು.

ಖಣದಲ್ಲಿ ಮಾಡುವವರಿಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣದ ಮೈತುಂಬ ಸಣ್ಣ ಸಣ್ಣ ವಿನ್ಯಾಸ ಇರುತ್ತದೆ. ತೇರು, ಸೂರ್ಯನಾರಾಯಣ, ಆನೆ ಹೆಜ್ಜೆ ಎಂದೆಲ್ಲ ಅವಕ್ಕೆ ಹೆಸರುಗಳಿವೆ. ಕತ್ತರಿ ಹಾಕುವ ಮೊದಲು ಬಿಲ್ಲೆಯನ್ನು ಬಟ್ಟೆಯ ಮೇಲೆ ಆಚೆ ಈಚೆ ಸರಿಸಿ ನೋಡಿ. ಒಂದು ಪೂರ್ತಿ ವಿನ್ಯಾಸ ನಟ್ಟನಡುವೆ ಬರಬೇಕು. ಎರಡನೇ ಕಿವಿಗೂ ಅದೇ ಜಾಗದಲ್ಲಿ ಬರಬೇಕು. ಇದಕ್ಕೆ ಬಟ್ಟೆ ಸ್ವಲ್ಪ ಹಾಳಾಗುತ್ತದೆ, ಆಗಲಿ. ಅರ್ಧ ಕತ್ತರಿಸಿದ ತೇರು ನೋಡಿದರೆ ಅದನ್ನು ನೇಯ್ದವರ ಕೆಲಸಕ್ಕೆ ಅನ್ಯಾಯ ಮಾಡಿದಂತೆ ನನಗೆ ಅನ್ನಿಸುತ್ತದೆ. ದಡಿಯನ್ನು (ಬಟ್ಟೆಯ ಅಂಚನ್ನು) ಬೇರೆ ಇಟ್ಟುಕೊಳ್ಳಿ. ಅದು ಬಳೆಗೆ ಬರುತ್ತದೆ: ಹಳೇ ಪ್ಲಾಸ್ಟಿಕ್ ಬಳೆಗೆ ಕ್ರಾಸ್ (ಓರೆಯಾಗಿ ಕತ್ತರಿಸಿದ) ಪಟ್ಟಿ ಸುತ್ತಿ, ಮೇಲೆ ದಡಿ ಅಂಟಿಸಿದರೆ ಮುಗಿಯಿತು. ಪಟ್ಟಿಯನ್ನು ಕ್ರಾಸ್ ಆಗಿಯೇ ಕತ್ತರಿಸಬೇಕು. ನೇರ ಕತ್ತರಿಸಿದರೆ ಬಳೆಯ ಒಳಗಡೆ ನೆರಿಗೆ ಬೀಳುತ್ತದೆ.

ಮತ್ತೆ, ಹೊಲಿಸಬಹುದಾದ ಒಳ್ಳೆಯ ಕೈಮಗ್ಗದ ಖಣವನ್ನು ಓಲೆಗಾಗಿ ಕತ್ತರಿಸಬೇಡಿ. ಅದು ಕುಪ್ಪಸ ಆಗಲಿ. ಓಲೆಗೆ ಚೂರು ಸಾಕು, ಅಲ್ವಾ?

ಮಾಡುವ ವಿಧಾನ ಸುಲಭ. ತೆಳು ಬಟ್ಟೆಯಾದರೆ ಹಿಂದೆ ಟೈಲರ್‌ಗಳು ಹಾಕುವ ಪೇಸ್ಟಿಂಗ್ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಮಾಡಿ. ಇಲ್ಲದಿದ್ದರೆ ಅಂಟು ಬಟ್ಟೆಯ ಮೇಲಕ್ಕೆ ಒಸರಿ ಕಲೆ ಆಗುತ್ತದೆ. ನನ್ನ ಮೊದಲ ಎರಡು ಓಲೆ ಹಾಗೇ ಹಾಳಾದವು. ಬಿಲ್ಲೆಗಿಂತ ಸುತ್ತಲೂ ಒಂದು ಸೆಂಟಿಮೀಟರ್ ಜಾಸ್ತಿ ಬಿಟ್ಟು ಬಟ್ಟೆ ಕತ್ತರಿಸಿ, ಅಂಚಿನಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ. ಬಿಲ್ಲೆ ಮೇಲೆ ಫೋಮ್ ಇಟ್ಟು, ಬಟ್ಟೆ ಹೊದಿಸಿ, ದಾರ ಎಳೆದರೆ ಚೀಲದ ಬಾಯಿ ಕಟ್ಟಿದ ಹಾಗೆ ಬಿಗಿಯಾಗುತ್ತದೆ. ಬರೀ ಅಂಟಿಸಿದ್ದಕ್ಕಿಂತ ಇದು ಗಟ್ಟಿ, ಸುಕ್ಕೂ ಕಮ್ಮಿ. ಹಿಂಬದಿಗೆ ಇನ್ನೊಂದು ಬಟ್ಟೆ ಅಂಟಿಸಿ. ಬಿ-7000 ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬೇಕು. ಹಬ್ಬದ ಹಿಂದಿನ ರಾತ್ರಿ ಕೂತು ಮಾಡಿ ಬೆಳಿಗ್ಗೆ ಹಾಕಿಕೊಳ್ಳುವ ಸಾಮಾನಲ್ಲ ಇದು. ವಾಸನೆಯೂ ಇದೆ, ಕಿಟಕಿ ತೆರೆದಿಡಿ.

ನೀರು ಮಾತ್ರ ಇದಕ್ಕೆ ಆಗುವುದಿಲ್ಲ. ಎಂಡಿಎಫ್ ನೆನೆದರೆ ಉಬ್ಬುತ್ತದೆ. ತಲೆಸ್ನಾನ ಮಾಡಿದ ಕೂಡಲೇ ಹಾಕಬೇಡಿ, ಮಳೆಗಾಲದಲ್ಲಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಆಫೀಸಿನಲ್ಲಿ ಹಾಕಿಕೊಳ್ಳಿ. ಸೆಂಟನ್ನು ಓಲೆ ಹಾಕುವ ಮೊದಲೇ ಹೊಡೆದುಕೊಳ್ಳಿ.

ಇಷ್ಟು ಕಾಳಜಿ ಮಾಡಿದರೆ ಇದರ ಹಗುರ ಬೇರೆ ಯಾವ ಓಲೆಗೂ ಬರುವುದಿಲ್ಲ. ಅವ್ವನ ಕಿವಿಯ ತೂತು ಭಾರದ ಜುಮಕಿಯಿಂದ ಜಗ್ಗಿ ಉದ್ದವಾಗಿದೆ. ಹೊರಗೆ ಹೋಗುವಾಗ ಸಣ್ಣ ಬೆಂಡೋಲೆ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಕೆಂಪು ದಡಿಯ ಹಸಿರು ಖಣದ ಚೂರಿನಲ್ಲಿ ಅವಳಿಗೊಂದು ಜೊತೆ ಮಾಡಿ, ಕೆಳಗೆ ಮೂರು ಮೂರು ಗೆಜ್ಜೆ ಹಾಕಿ ಕಳಿಸಿದೆ. ಫೋನಿನಲ್ಲಿ ಕೇಳಿದಳು, ‘ಇದು ಸಣ್ಣಕ್ಕನ ಕುಬಸದಾಗಿಂದು ಹೌದಿಲ್ಲೋ?’ ಹೌದು, ಅದೇ ಖಣ. ಈಗ ಪಂಚಮಿಗೆ ಅಂತ ಇನ್ನೂ ನಾಲ್ಕು ಜೊತೆ ಕೇಳಿದ್ದಾಳೆ, ಸಣ್ಣಕ್ಕನಿಗೂ ಸೇರಿಸಿ. ಸ್ಟೀಲ್ ಹುಕ್ ಖಾಲಿಯಾಗಿದೆ, ಬರುವ ಶನಿವಾರ ಮತ್ತೆ ಮಾಮೂಲ್‌ಪೇಟೆಗೆ ಹೋಗಬೇಕು.